ಪಾಸ್ಕ ಹಬ್ಬದ ಹಾಡಿಗೆ ಬೀಗರ ರಾಗ

ಸಂತೋಷದ ಹಾಡನ್ನು ಇಷ್ಟೊಂದು ದುಃಖದಿಂದ ಹಾಡುವ ಜನ ಇನ್ನೆಲ್ಲೂ ಇರಲಾರರು ಎಂದು ನನಗೆ ಮೊದಲ ದಿನದ ತಾಲೀಮಿನಲ್ಲೇ ಖಾತ್ರಿಯಾಯಿತು. ಯೇಸುಸ್ವಾಮಿ ಸಾವನ್ನು ಗೆದ್ದು ಸಮಾಧಿಯಿಂದ ಎದ್ದು ಬಂದ ಹಾಡು ಅದು. ಇವರು ಹಾಡಿದ್ದನ್ನು ಕೇಳಿದ್ದರೆ ಎದ್ದವರು ಮತ್ತೆ ಹೋಗಿ ಮಲಗುತ್ತಿದ್ದರು. ನಾನು ಹಾರ್ಮೋನಿಯಂ ತಿದಿ ಬಿಟ್ಟು ಕೈಕಟ್ಟಿ ಕುಳಿತೆ. ಅವರು ನಿಲ್ಲಿಸಲಿಲ್ಲ. ವಾದ್ಯ ನಿಂತದ್ದು ಅವರ ಗಮನಕ್ಕೇ ಬಂದಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ಭಾಗ ಅದು. ಧಾರವಾಡದ ಕಡೆಯವನಾದ ನಾನು ಯಶವಂತಪುರದ ಒಂದು ಕಾನ್ವೆಂಟ್ ಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿದ್ದೆ. ಹಿಂದೂಸ್ತಾನಿ ಕಲಿತವನು, ನಾಮ ಹಚ್ಚುವ ಮನೆಯವನು, ಚರ್ಚಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಒಂದು ದಿನ ಕರೆದು, ಗೊರಗುಂಟೆಪಾಳ್ಯ ದಾಟಿ ಅಬ್ಬಿಗೆರೆಯ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಚರ್ಚಿದೆ, ಅಲ್ಲಿ ಹಾಡುವವರಿಗೆ ಸ್ವಲ್ಪ ತಾಳ ಹೇಳಿಕೊಡಬೇಕು, ಪಾಸ್ಕ ಹಬ್ಬದವರೆಗೆ, ಅಂದರೆ ಈಸ್ಟರ್‌ವರೆಗೆ ಮಾತ್ರ ಎಂದರು. ಸ್ವಲ್ಪ ತಾಳ ಅಂದರೆ ಎಷ್ಟು ಮಹಾ ಕೆಲಸ ಎಂದುಕೊಂಡು ಒಪ್ಪಿಕೊಂಡುಬಿಟ್ಟೆ. ಸೈಕಲ್ಲಿನ ಕ್ಯಾರಿಯರ್‌ಗೆ ಹಾರ್ಮೋನಿಯಂ ಕಟ್ಟಿಕೊಂಡು ಹೊರಟೆ.

ಅಲ್ಲಿನ ಪಾದ್ರಿಗಳು ವಯಸ್ಸಾದವರು, ಕರಾವಳಿಯ ಕಡೆಯವರು. ಊರಿನವರು ಅವರನ್ನು ಸ್ವಾಮ್ಯಾರು ಎನ್ನುತ್ತಿದ್ದರು. ನಗು ಎಂಬುದು ಅವರ ಮುಖದ ದಾರಿಯನ್ನೇ ಮರೆತಂತಿತ್ತು. ಕೂಡಿಸಿ, ಕಾಫಿ ಕೊಟ್ಟು, ನೇರ ವಿಷಯಕ್ಕೆ ಬಂದರು.

"ಇವರ ಭಕ್ತಿಯ ಮೇಲೆ ನನ್ನ ದೂರಿಲ್ಲ ಮೇಷ್ಟ್ರೇ. ಆದರೆ ಹಬ್ಬದ ದಿನ ಊರಿಗೆಲ್ಲ ಸೂತಕ ಬಂದ ಹಾಗೆ ಹಾಡುತ್ತಾರೆ ಮಾರಾಯ್ರೇ. ನನಗೆ ಪೀಠದ ಮುಂದೆ ನಿಂತಲ್ಲೇ ಕಾಲು ಸೋಲುತ್ತದೆ."

ಪಾಸ್ಕ ಹಬ್ಬದ ದೊಡ್ಡ ಪೂಜೆಗೆ ಪ್ರತಿವರ್ಷ ಕಂಟೋನ್ಮೆಂಟ್ ಕಡೆಯಿಂದ ಒಂದು ಇಂಗ್ಲಿಷ್ ಹಾಡುಗಾರರ ತಂಡ ಬರುತ್ತಿತ್ತು. ಹಳ್ಳಿಯವರು ನಿಂತು ಕೇಳುತ್ತಿದ್ದರು, ಅಷ್ಟೆ. ಲ್ಯಾಟಿನ್ ಪೂಜೆ ಹೋಗಿ ಕನ್ನಡ ಪೂಜೆ ಬಂದು ಆಗಲೇ ಕೆಲವು ವರ್ಷವಾಗಿತ್ತು, ವರ್ಷದ ದೊಡ್ಡ ಹಬ್ಬದಲ್ಲಿ ಮಾತ್ರ ತಮ್ಮ ಬಾಯಿಗೆ ಕೆಲಸವಿಲ್ಲ ಎಂಬುದು ಇವರ ಕೊರಗು. ಸ್ವಾಮ್ಯಾರಿಗೆ ದುಂಬಾಲು ಬಿದ್ದು ಕೇಳಿದ್ದರು. ಅವರು ಈ ಸಲ ಒಂದೇ ಒಂದು ಹಾಡು ಬಿಟ್ಟುಕೊಟ್ಟಿದ್ದರು. ಬೈಬಲ್ಲಿನ ಶುಭಸಂದೇಶ ಓದುವ ಮುಂಚೆ ಎಲ್ಲರೂ ಎದ್ದು ನಿಂತು ಹಾಡುವ, ದೇವರಿಗೆ ಸ್ತುತಿ ಎಂಬರ್ಥದ ಅಲ್ಲೆಲೂಯ.

"ಅದೊಂದು ಸರಿಯಾಗಿ ಬಂದರೆ ಮುಂದಿನ ವರ್ಷ ಇಡೀ ಪೂಜೆ ಇವರದ್ದೇ" ಎಂದರು ಸ್ವಾಮ್ಯಾರು. "ಬಾರದಿದ್ದರೆ ನಾನಿರುವವರೆಗೆ ಆ ಮಾತು ಎತ್ತುವುದು ಬೇಡ."

ಹಾಡುವವರ ಮುಂದಾಳು ಒಬ್ಬ ಅಜ್ಜಿ. ಹಲ್ಲು ಅರ್ಧ ಹೋಗಿತ್ತು, ಗಂಟಲು ಮಾತ್ರ ಹಿತ್ತಾಳೆ ಗಂಟೆ. ಮೊದಲ ದಿನವೇ ನನ್ನ ಕೈಹಿಡಿದು, "ಮೇಷ್ಟ್ರೇ, ನಾನ್ ಮಣ್ಣಿಗೋಗೋದ್ರೊಳ್ಗೆ ಒಂದ್ ವರ್ಸನಾದ್ರೂ ನಮ್ಮ ಅಬ್ಬದ್ ಪೂಜೇಲಿ ಪದವೆಲ್ಲ ನಾವೇ ಏಳ್ಬೇಕು. ನೀವ್ ಎಂಗ್ ಅಂದ್ರೆ ಅಂಗ್ ಕೇಳ್ತೀವಿ" ಎಂದರು. ಆ ಕಣ್ಣು ನೋಡಿ ನನಗೂ ಹುರುಪು ಬಂತು. ಕೇಳುತ್ತಾರಂತೆ! ಅದು ನನ್ನ ಮೊದಲ ತಪ್ಪು ಲೆಕ್ಕ.

ತೊಂದರೆ ಎಲ್ಲಿದೆ ಎಂದು ಹುಡುಕಿದೆ. ಚರ್ಚು ಉದ್ದ. ಹೆಂಗಸರು ಮುಂದೆ ಚಾಪೆಯ ಮೇಲೆ, ಗಂಡಸರು ಹಿಂದೆ ಬಾಗಿಲ ಹತ್ತಿರ. ಅಜ್ಜಿ ಒಂದು ಸಾಲು ಎತ್ತುತ್ತಾರೆ. ಹಿಂದಿನವರಿಗೆ ಅದು ತಡವಾಗಿ ತಲುಪುತ್ತದೆ. ಅವರು ಇನ್ನೂ ತಡವಾಗಿ ಹಾಡುತ್ತಾರೆ. ಅವರು ಬರಲಿ ಎಂದು ಅಜ್ಜಿ ಕೊನೆಯ ಅಕ್ಷರವನ್ನು ಹಿಡಿದು ಕಾಯುತ್ತಾರೆ. ಅಜ್ಜಿ ಇನ್ನೂ ಹಿಡಿದಿದ್ದಾರಲ್ಲ ಎಂದು ಹಿಂದಿನವರು ತಾವೂ ಹಿಡಿಯುತ್ತಾರೆ. ಹೀಗೆ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ಕೊಡುತ್ತ ಹಾಡು ನಿಂತ ನೀರಾಗುತ್ತದೆ. ಜೊತೆಗೆ ಸಾಲಿನ ಕೊನೆಯಲ್ಲಿ ಎಲ್ಲರೂ ಸ್ವರವನ್ನು ಕೆಳಕ್ಕೆ ಜಾರಿಸುತ್ತಿದ್ದರು. ಹಾಡು ಮುಗಿಯುವ ಹೊತ್ತಿಗೆ ನನ್ನ ಹಾರ್ಮೋನಿಯಂ ಒಂದು ಶ್ರುತಿ, ಅವರು ಇನ್ನೊಂದು ಶ್ರುತಿ.

ತಬಲಾ ಬಾರಿಸಲು ಒಬ್ಬ ಸಿಕ್ಕ. ಅದೇ ಊರಿನವನು, ಫ್ಯಾಕ್ಟರಿಯಲ್ಲಿ ಕೆಲಸ, ಪಾಳಿ ಮುಗಿಸಿ ಬರುತ್ತಿದ್ದ. ಎಂಟು ಮಾತ್ರೆಯ ಕೇರವಾ ತಾಳ ಗಟ್ಟಿಯಾಗಿ ಹಿಡಿ, ಅವರು ನಿನ್ನ ಹಿಂದೆ ಬರುತ್ತಾರೆ ಎಂದೆ. ಎರಡು ಸಾಲಿನಲ್ಲಿ ಅವನೇ ಅವರ ಹಿಂದೆ ಹೋದ. ಗದರಿದೆ. "ಏನ್ ಮಾಡ್ಲಿ ಸಾರ್, ಅಜ್ಜಿ ಬಿಟ್ಟು ಮುಂದಕ್ ಹೋಗೋಕೆ ಕೈ ಬರಲ್ಲ" ಎಂದ.

ಅಜ್ಜಿಯನ್ನು ಹಿಂದೆ ಕೂಡಿಸಿದೆ. ಮುಂದಿನವರೆಲ್ಲ ಕತ್ತು ತಿರುಗಿಸಿ ಅವರ ಬಾಯಿ ನೋಡುತ್ತ ಹಾಡಿದರು. ಬಾಗಿಲ ಹತ್ತಿರದ ಗಂಡಸರನ್ನು ಮುಂದಕ್ಕೆ ಕರೆದೆ. ನಾಚಿಕೊಂಡು ಬಾಯನ್ನೇ ಬಿಡಲಿಲ್ಲ. ಶಾಲೆಯಿಂದ ಟಕ್ ಟಕ್ ಎಂದು ಲಯ ತೋರಿಸುವ ಯಂತ್ರ ತಂದಿಟ್ಟೆ. ಅದನ್ನು ಗಡಿಯಾರವೆಂದು ತಿಳಿದ ಒಬ್ಬಾಕೆ, ಟೈಮ್ ಎಷ್ಟು ಮೇಷ್ಟ್ರೇ, ಎಮ್ಮೆ ಕರೆಯೋ ಹೊತ್ತಾಯ್ತಾ ಎಂದು ಕೇಳಿ ಎದ್ದು ಹೋದಳು.

"ಅಜ್ಜಿ, ಕೈಮುಗೀತೀನ್ರಿ, ಎಳೀಬ್ಯಾಡ್ರಿ!" ಎಂದು ಕೂಗಿದೆ. "ಇದು ಖುಷಿ ಹಾಡ್ರಿ! ಒಂಚೂರು ನಕ್ಕೋತ ಹಾಡ್ರಿ!"

ಅಜ್ಜಿ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು. "ಗುಡಿಯೊಳ್ಗೆ ನಗ್ತಾರಾ ಮೇಷ್ಟ್ರೇ? ಸಣ್ಣೋಳಾಗಿದ್ದಾಗ ನಕ್ಕು ನಮ್ಮವ್ವನ್ ಕೈಲಿ ಎಷ್ಟ್ ಒದೆ ತಿಂದಿವ್ನಿ ಗೊತ್ತಾ?"

ಕಾರಣವನ್ನು ತಬಲಾದವನು ದಾರಿಯಲ್ಲಿ ಹೇಳಿದ. "ಸಾರ್, ಮುಂಚೆ ಹಬ್ಬದ ಹಾಡೆಲ್ಲ ಲ್ಯಾಟಿನ್ನು, ಟೌನಿಂದ ಬಂದೋರು ಹಾಡೋರು. ಇವರು ಕನ್ನಡದಲ್ಲಿ ಹಾಡ್ತಿದ್ದಿದ್ದು ಎರಡೇ ಕಡೆ. ಯೇಸು ಸಂಕಟ ನೆನೆಯೋ ಶಿಲುಬೆ ಹಾದಿ, ಇಲ್ಲಾಂದ್ರೆ ಸತ್ತೋರ್ ಮನೆ. ಈಗ ಏಕ್‌ದಮ್ ನಗ್ರೀ ಅಂದ್ರೆ ಹೆಂಗ್ ಸಾರ್?" ಅಳುವುದಕ್ಕೆ ಕನ್ನಡ, ಹಿಗ್ಗುವುದಕ್ಕೆ ಲ್ಯಾಟಿನ್ ಎಂದು ಯಾರೋ ಹಂಚಿಕೊಟ್ಟುಬಿಟ್ಟಿದ್ದರು. ಕೇಳಿ ಪಾಪ ಎನಿಸಿತು. ಸಿಟ್ಟೇನೂ ಇಳಿಯಲಿಲ್ಲ.

ಅಷ್ಟರಲ್ಲಿ ವಿಭೂತಿ ಬುಧವಾರ ಬಂತು. ಅಲ್ಲಿಂದ ಪಾಸ್ಕದವರೆಗೆ ಅವರ ತಪಸ್ಸು ಕಾಲ, ಉಪವಾಸದ ದಿನಗಳು. ಮರುದಿನ ತಾಲೀಮಿಗೆ ಹೋಗಿ ತಿದಿ ಒತ್ತಿ, "ಹ್ಞಾಂ, ಅಲ್ಲೆಲೂಯ" ಎಂದೆ. ಒಬ್ಬರೂ ಬಾಯಿ ತೆರೆಯಲಿಲ್ಲ. ಇನ್ನೊಮ್ಮೆ ಎಂದೆ. ಎಲ್ಲರೂ ನೆಲ ನೋಡಿದರು.

"ಆ ಮಾತು ಈಗ ಅನ್ನಂಗಿಲ್ಲ ಮೇಷ್ಟ್ರೇ" ಎಂದರು ಅಜ್ಜಿ ಮೆಲ್ಲಗೆ. "ಪಾಸ್ಕದ್ ದಿನಾನೇ ಬಾಯಿಗ್ ಬರ್ಬೇಕು. ಅದ್ಕೆ ಮುಂಚೆ ಅಂದ್ರೆ ಪಾಪ."

ನಾನು ಸ್ವಾಮ್ಯಾರ ಬಳಿಗೆ ಓಡಿದೆ. ಪೂಜೆಯಲ್ಲಿ ಹೇಳಬಾರದು ಎಂಬುದು ನಿಯಮ, ತಾಲೀಮಿಗೆ ಅಡ್ಡಿಯಿಲ್ಲ, ನಾನೇ ಹೇಳುತ್ತೇನೆ ಎಂದು ಅವರೇ ಬಂದು ತಿಳಿಸಿದರು. ಜನ ಭಕ್ತಿಯಿಂದ ತಲೆಯಾಡಿಸಿದರು. ಸ್ವಾಮ್ಯಾರು ಅತ್ತ ಹೋದ ಮೇಲೆ ಮತ್ತೆ ಬಾಯಿ ಮುಚ್ಚಿಕೊಂಡರು. ಸ್ವಾಮ್ಯಾರು ಒಳ್ಳೆಯವರು, ಅದಕ್ಕೆ ಹಾಗೆ ಹೇಳುತ್ತಾರೆ, ಪಾಪ ಬರುವುದು ನಮಗೆ ಎಂಬುದು ಅವರ ವಾದ. ಇಡೀ ಹಬ್ಬದಲ್ಲಿ ಅವರು ಹಾಡಬೇಕಾದದ್ದು ಒಂದೇ ಮಾತು, ಆ ಮಾತನ್ನು ಹಬ್ಬದವರೆಗೂ ಆಡುವಂತಿಲ್ಲ! ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಲಾ ಲಾ ಎಂದಾದರೂ ಹಾಡಿ ಎಂದೆ. ಹಾಡಿದರು. ಲಾ ಲಾ ಎಂಬುದನ್ನೂ ಅಷ್ಟು ಶೋಕದಿಂದ ಹಾಡಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಒಂದು ಭಾನುವಾರ ತಾಲೀಮಿಗೆ ಹೋದರೆ ಒಂದು ನರಪಿಳ್ಳೆಯೂ ಇಲ್ಲ. ತಬಲಾದವನೊಬ್ಬನೇ ಮೆಟ್ಟಿಲ ಮೇಲೆ ಬೀಡಿ ಸೇದುತ್ತ ಕೂತಿದ್ದ. ಪಕ್ಕದ ಬೀದಿಯ ಗೌಡರ ಮನೆಯಲ್ಲಿ ಮದುವೆ, ಎಲ್ಲ ಅಲ್ಲಿದ್ದಾರೆ ಎಂದ. ಉಪವಾಸದ ಕಾಲದಲ್ಲಿ ಮದುವೆಯೇ ಎಂದೆ. "ನಮ್ಮೋರ್ದಲ್ಲ ಸಾರ್, ಹಿಂದೂಗಳ್ದು. ಅಕ್ಕಪಕ್ಕದೋರಲ್ವಾ, ಹೋಗ್ದೆ ಇದ್ರೆ ಆಗುತ್ತಾ?" ಎಂದ. ನಾನು ಯಶವಂತಪುರದಿಂದ ಬಿಸಿಲಲ್ಲಿ ಸೈಕಲ್ ತುಳಿದು ಬಂದವನು. ಮದುವೆಮನೆಯಿಂದಲೇ ಎಳೆದು ತರುತ್ತೇನೆ ಎಂದು ಹಾರ್ಮೋನಿಯಂ ಅಲ್ಲೇ ಬಿಟ್ಟು ಹೊರಟೆ.

ಚಪ್ಪರದ ಹೊರಗೇ ನಿಂತುಬಿಟ್ಟೆ. ಊಟದ ಪಂಕ್ತಿ ಕೂತಿತ್ತು. ಗಂಡಿನ ಕಡೆಯ ಬೀಗರು ಎಲೆಯ ಮುಂದೆ, ಹೆಣ್ಣಿನ ಕಡೆಯ ಹೆಂಗಸರು ಎದುರಿಗೆ ಗುಂಪಾಗಿ. ಗುಂಪಿನ ನಡುವೆ ನಮ್ಮ ಅಜ್ಜಿ, ಕುತ್ತಿಗೆಯಲ್ಲಿ ಜಪಸರ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬೀಗರನ್ನು ಹಂಗಿಸುವ ಪದ ಎತ್ತಿದ್ದರು.

"ಒಬ್ಬಟ್ಟೆಲ್ಲ ತಿಂದ ಬೀಗ, ಹಂಡೆ ನೆಕ್ಕಿ ನಿಂತ ಬೀಗ!"

ನಮ್ಮ ಹಾಡುಗಾರರೇ ಅಷ್ಟೂ ಜನ ಹಿಮ್ಮೇಳ. ಎಂಥ ಲಯ! ಒಂದು ಸಾಲು ಮುಗಿಯುವ ಮೊದಲೇ ಇನ್ನೊಂದು ಸಾಲು ಅದರ ಹೆಗಲೇರುತ್ತಿತ್ತು. ಶ್ರುತಿ ಒಂದೆಳೆ ಅಲುಗಲಿಲ್ಲ. ದೂರದಲ್ಲಿ ಬಡಿಸುತ್ತಿದ್ದ ಗಂಡಸರು ಕೂಡ ಸರಿಯಾದ ಜಾಗದಲ್ಲೇ ಹೋ ಎನ್ನುತ್ತಿದ್ದರು, ಅಜ್ಜಿ ಯಾರಿಗೂ ಕಾಯುತ್ತಿರಲಿಲ್ಲ. ದಪ್ಪನೆಯ ಬೀಗರೊಬ್ಬರು ಒಬ್ಬಟ್ಟು ಕೈಯಲ್ಲಿ ಹಿಡಿದು ನಗುತ್ತ ನಗುತ್ತ ನೆತ್ತಿಗೆ ಹತ್ತಿಸಿಕೊಂಡರು. ಉಪವಾಸವೆಂದು ಅಜ್ಜಿ ತಮ್ಮ ಕೈಗಿತ್ತ ಒಬ್ಬಟ್ಟನ್ನು ಪಕ್ಕದವಳಿಗೆ ಸರಿಸಿದ್ದರು, ಹಾಡುವುದಕ್ಕೆ ಮಾತ್ರ ಉಪವಾಸವಿರಲಿಲ್ಲ.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಪದ ಮುಗಿದೊಡನೆ ಮುಂದೆ ಹೋಗಿ ನಿಂತೆ. "ಏನ್ರೀ ಅಜ್ಜಿ! ಇಷ್ಟು ದಿನ ಈ ಗಂಟಲು ಎಲ್ಲಿ ಬಚ್ಚಿಟ್ಟಿದ್ರಿ? ನನ್ನ ಜೀವಾ ಹಿಂಡಿ ಹಿಪ್ಪಿ ಮಾಡಿದ್ರೆಲ್ಲ!"

"ಅಯ್ಯೋ, ಇದು ನಗೋ ಪದ ಮೇಷ್ಟ್ರೇ" ಎಂದರು ಅಜ್ಜಿ, ಸೆರಗನ್ನು ಗಡಿಬಿಡಿಯಿಂದ ತಲೆಗೆಳೆದುಕೊಳ್ಳುತ್ತ. "ಇದ್ಕೂ ಅದ್ಕೂ ಏನು?"

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುವ ಹೊತ್ತಿಗೆ ನಿರ್ಧಾರವಾಗಿತ್ತು. ಅದುವರೆಗೆ ಕಲಿಸುತ್ತಿದ್ದ, ಸಿಸ್ಟರ್ ಕೊಟ್ಟಿದ್ದ ರಾಗವನ್ನು ಎತ್ತಿಟ್ಟೆ. ಅಲ್ಲೆಲೂಯಕ್ಕೆ ಬೀಗರ ಪದದ ಧಾಟಿಯನ್ನೇ ಕೂಡಿಸಿದೆ. ಎಷ್ಟು ಚೆನ್ನಾಗಿ ಕೂತಿತೆಂದರೆ ಹೊಸದಾಗಿ ಹೊಲಿಸಿದಂತಿತ್ತು. ಅಲ್ಲೆಲೂಯ ಎನ್ನುವಂತಿಲ್ಲ ತಾನೇ? ಬೇಡ. ಹಬ್ಬದವರೆಗೆ ಬೀಗರ ಮಾತುಗಳಲ್ಲೇ ತಾಲೀಮು ಮಾಡಿ, ಆ ದಿನ ಮಾತು ಬದಲಿಸಿದರಾಯಿತು. ಕರಾವಳಿಯ ಸ್ವಾಮ್ಯಾರಿಗೆ ಈ ಸೀಮೆಯ ಬೀಗರ ಪದ ತಿಳಿಯುವ ಸಂಭವವಿರಲಿಲ್ಲ. ನಾನೂ ತಿಳಿಸಲಿಲ್ಲ.

ಅಜ್ಜಿ ಹಿಂದೆಮುಂದೆ ನೋಡುತ್ತಾರೆಂದುಕೊಂಡಿದ್ದೆ. ಅವರು ಸ್ವಲ್ಪ ಯೋಚಿಸಿ, "ಬೀಗರ್ ಪದ ತಪಸ್ ಕಾಲ್ದಲ್ಲಿ ಅನ್ಬಾರ್ದು ಅಂತ ಸ್ವಾಮ್ಯಾರು ಯಾವತ್ತೂ ಅಂದಿಲ್ವಲ್ಲ" ಎಂದು ತೀರ್ಪು ಕೊಟ್ಟರು. ಆದರೆ ಗುಡಿಯೊಳಗೆ ಬೇಡ, ಪಕ್ಕದ ಶಾಲೆಯ ಜಗಲಿಯಲ್ಲಿ ಎಂದರು. ಸರಿ, ಜಗಲಿಯಲ್ಲೇ.

ಒಂದು ಕಷ್ಟ ಹೋಗಿ ಇನ್ನೊಂದು ವಕ್ಕರಿಸಿತು. ಈಗ ಲಯ ಇತ್ತು, ಶ್ರುತಿ ಇತ್ತು, ಹಾಡು ಮಾತ್ರ ಮುಗಿಯುತ್ತಿರಲಿಲ್ಲ. 'ಹಂಡೆ ನೆಕ್ಕಿ' ಎಂಬಲ್ಲಿಗೆ ಬರುವಷ್ಟರಲ್ಲಿ ಯಾರಾದರೊಬ್ಬರಿಗೆ ಆ ದಪ್ಪ ಬೀಗರ ನೆನಪಾಗುತ್ತಿತ್ತು. ಒಬ್ಬಳು ಕಿಸಕ್ ಎಂದರೆ ಪಕ್ಕದವಳು, ಅವಳಿಂದ ಇನ್ನೊಬ್ಬಳು, ಕೊನೆಗೆ ಜಗಲಿಯೇ ಬಿದ್ದು ಬಿದ್ದು ನಗುತ್ತಿತ್ತು. ತಬಲಾದವನು ತಲೆಯನ್ನು ತಬಲಾದ ಮೇಲಿಟ್ಟು ನಗುತ್ತಿದ್ದ. ಹಿಂದೆ ಹಾಡು ಮುಗಿಯುವುದೇ ಇಲ್ಲವೆಂದು ಕೂಗಾಡುತ್ತಿದ್ದೆ, ಈಗ ಅರ್ಧಕ್ಕೇ ನಿಲ್ಲುತ್ತದೆಂದು ಕೂಗಾಡಿದೆ. ನಾನು ಕೂಗಾಡಿದಷ್ಟೂ ಅವರ ನಗು ಹೆಚ್ಚುತ್ತಿತ್ತು.

ನಗು ಸ್ವಾಮ್ಯಾರ ಮನೆಯವರೆಗೂ ಕೇಳಿತು. ಕೊಡೆ ಹಿಡಿದು ಬಂದರು. ಜಗಲಿ ಗಪ್‌ಚಿಪ್.

"ಮೇಷ್ಟ್ರೇ, ನಾನು ಸಂತೋಷದ ಹಾಡು ಕಲಿಸಲು ಹೇಳಿದ್ದು ಹೌದು. ತಪಸ್ಸು ಕಾಲದಲ್ಲಿ ಇದೆಂಥ ಗಲಾಟೆ? ನನಗೆ ನಿಮ್ಮ ಮೇಲೆ ಭರವಸೆ ಕಡಿಮೆಯಾಗುತ್ತಿದೆ. ಗರಿಗಳ ಭಾನುವಾರ ನನ್ನ ಎದುರು ಒಮ್ಮೆ ಹಾಡಿಸಿ. ಸರಿಯಿಲ್ಲದಿದ್ದರೆ ಆ ಹಾಡನ್ನೂ ಟೌನಿನವರಿಗೇ ಕೊಡುತ್ತೇನೆ."

ಹಬ್ಬಕ್ಕೆ ಒಂದು ವಾರ ಮುಂಚಿನ ಆ ಭಾನುವಾರ ಅವರೆದುರು ಲಾ ಲಾ ಎಂದು ಹಾಡಿಸಿದೆ. ನಗಬೇಡಿರೆಂದು ಮೊದಲೇ ಬೆದರಿಸಿದ್ದೆ. ಎಲ್ಲರೂ ತುಟಿ ಕಚ್ಚಿಕೊಂಡು ಹಾಡಿದರು. ಎಳೆಯಲಿಲ್ಲ. ಸ್ವಾಮ್ಯಾರು ಹುಬ್ಬೇರಿಸಿ ಅಜ್ಜಿಯನ್ನೂ ನನ್ನನ್ನೂ ನೋಡಿ, "ಪರವಾಗಿಲ್ಲ. ಆ ದಿನ ನೋಡೋಣ" ಎಂದು ಹೋದರು.

ಪಾಸ್ಕದ ಬೆಳಿಗ್ಗೆ ಚರ್ಚು ಕಿಕ್ಕಿರಿದಿತ್ತು. ಹೊಸ ಸೀರೆ, ಮಲ್ಲಿಗೆ, ಮೇಣದಬತ್ತಿಯ ವಾಸನೆ. ಬಲಗಡೆ ಕಂಟೋನ್ಮೆಂಟ್ ತಂಡ ಕೋಟು ಟೈ ತೊಟ್ಟು, ಕೈಯಲ್ಲಿ ಹಾಳೆ ಹಿಡಿದು ನಿಂತಿತ್ತು. ಎಡಗಡೆ ನೆಲದ ಮೇಲೆ ನಾನು, ತಬಲಾದವನು, ನಮ್ಮ ಜನ. ಬಾಗಿಲಲ್ಲಿ ಅಕ್ಕಪಕ್ಕದ ಹಿಂದೂಗಳೂ ಬಂದು ನಿಂತಿದ್ದರು, ಗೌಡರ ಮನೆಯವರು ಕೂಡ. ಈ ಧಾಟಿ ಅವರಿಗೆ ಗೊತ್ತಾಗದೆ ಇರುತ್ತದೆಯೇ?

ಸ್ವಾಮ್ಯಾರು ಶುಭಸಂದೇಶದ ದೊಡ್ಡ ಪುಸ್ತಕ ಎತ್ತಿಕೊಂಡರು. ಎಲ್ಲರೂ ಎದ್ದರು. ನಾನು ಶ್ರುತಿ ಕೊಟ್ಟೆ. ಅಜ್ಜಿ ಕಣ್ಣು ಮುಚ್ಚಿ, ಉಸಿರೆಳೆದು, ಇಷ್ಟು ದಿನ ಕಟ್ಟಿಟ್ಟಿದ್ದ ಮಾತನ್ನು ಬಿಚ್ಚಿದರು. ಅಲ್ಲೆಲೂಯ, ಅಲ್ಲೆಲೂಯ! ಇಡೀ ಗುಂಪು ಒಟ್ಟಿಗೆ ಎತ್ತಿತು. ಹಿಂದಿನ ಗಂಡಸರು ಸರಿಯಾದ ಜಾಗದಲ್ಲಿ ಬಂದು ಸೇರಿದರು. ಎರಡನೆಯ ಸುತ್ತು ಇನ್ನೂ ಬಿರುಸು. ಅಜ್ಜಿ ಮೈಮರೆತು ಹಾಡುತ್ತಿದ್ದರು. ಮೂರನೆಯ ಸುತ್ತಿಗೆ ಕೈ ಮೇಲೆತ್ತಿ, ಆ ಹಿತ್ತಾಳೆ ಗಂಟಲಲ್ಲಿ, ಕಂಚಿನ ಶಿಲುಬೆಯ ಎದುರು, ಹಾಡಿಯೇಬಿಟ್ಟರು.

"ಒಬ್ಬಟ್ಟೆಲ್ಲ ತಿಂದ ಬೀಗ!"

ಅಭ್ಯಾಸಬಲ. ಗುಂಪಿನಲ್ಲಿ ಅರ್ಧ ಜನ 'ಹಂಡೆ ನೆಕ್ಕಿ ನಿಂತ ಬೀಗ' ಎಂದು ಪೂರ್ತಿ ಮಾಡಿಯೂ ಬಿಟ್ಟರು. ಬಾಗಿಲಲ್ಲಿ ಗೌಡರ ಮನೆಯ ಹೆಂಗಸರು ಹೋ ಎಂದರು. ಅಲ್ಲಿಂದ ನಗು ಗಂಡಸರಿಗೆ, ಗಂಡಸರಿಂದ ಮಕ್ಕಳಿಗೆ, ಮಕ್ಕಳಿಂದ ಚಾಪೆಗಳಿಗೆ ಹಬ್ಬಿ ಚರ್ಚಿಗೆ ಚರ್ಚೇ ನಕ್ಕಿತು. ವಾರಗಟ್ಟಲೆ ತುಟಿ ಕಚ್ಚಿಕೊಂಡಿದ್ದ ನಮ್ಮ ಹಾಡುಗಾರರಿಗಂತೂ ತಡೆಯಲಾಗಲಿಲ್ಲ. ಕಂಟೋನ್ಮೆಂಟಿನವರು ಏನೆಂದು ತಿಳಿಯದೆ ಮುಖ ಮುಖ ನೋಡಿಕೊಂಡರು. ನಾನು ಹಾರ್ಮೋನಿಯಂ ಹಿಂದೆ ಎಷ್ಟು ಸಾಧ್ಯವೋ ಅಷ್ಟು ಕುಗ್ಗಿದೆ. ಮುಗಿಯಿತು. ಇವರ ಹಾಡೂ ಮುಗಿಯಿತು, ಅಜ್ಜಿಯ ಆಸೆಯೂ ಮುಗಿಯಿತು. ಇಷ್ಟು ದಿನ ಕತ್ತೆಯಂತೆ ದುಡಿದದ್ದು ಇದಕ್ಕಾಗಿಯೇ ಎನಿಸಿ ಅಳು ಬಂತು.

ಸ್ವಾಮ್ಯಾರು ಪುಸ್ತಕ ಹಿಡಿದು ಹಾಗೇ ನಿಂತಿದ್ದರು. ನಗು ತಾನಾಗಿ ಅಡಗುವವರೆಗೆ ಕಾದರು. ಆಮೇಲೆ ಅಜ್ಜಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೇಳಿದರು.

"ಯಾಕೆ ನಗುತ್ತಿದ್ದೀರಿ?"

ಅಜ್ಜಿಯ ಕಣ್ಣಲ್ಲಿ ನಕ್ಕು ನಕ್ಕು ನೀರು ಬಂದಿತ್ತು. ಕೈಮುಗಿದರು. ಸುಳ್ಳು ಹೇಳಲು ಅವರಿಗೆ ಹೊಳೆದಿರಲಾರದು.

"ಬಾಯ್ ತಪ್ತು ಸ್ವಾಮ್ಯಾರೇ, ತಪ್ಪಾಯ್ತು. ಆದ್ರೆ ನಗು ಬಂದ್ಬುಡ್ತು. ನಮ್ ಯೇಸುಸ್ವಾಮಿ ಎದ್ ಬಂದವ್ರೆ ಅಲ್ವಾ. ಇವತ್ ನಗ್ದೆ ಇನ್ಯಾವತ್ತು ನಗಾನ?"

ಸ್ವಾಮ್ಯಾರು ಪುಸ್ತಕವನ್ನು ಪೀಠದ ಮೇಲಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹಾಗಾದರೆ ಇನ್ನೊಂದು ಸಲ ಹಾಡಿ" ಎಂದರು. "ಹಾಗೆಯೇ ಸಂತೋಷವಾಗಿ ಹಾಡಿ."

ನನಗೆ ಹೋದ ಜೀವ ಬಂತು. ತಿದಿ ಒತ್ತಿದೆ. ತಬಲಾದವನು ನೆಟ್ಟಗೆ ಕೂತ. ಪೂಜೆಯ ನಡುವೆ ಸ್ವಾಮ್ಯಾರೇ ಬಾಯಿಬಿಟ್ಟು ಅಪ್ಪಣೆ ಕೊಟ್ಟಿದ್ದರು, ಸಾಮಾನ್ಯವೇ? ಹೆಂಗಸರೆಲ್ಲ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಗಂಡಸರು ಕೈಕಟ್ಟಿದರು. ಮುಖಗಳು ಗಂಭೀರವಾದವು. ಅಜ್ಜಿ ಭಯಭಕ್ತಿಯಿಂದ ಶುರುಮಾಡಿದರು.

ಅಲ್... ಲೆ... ಲೂ... ಯ...

ಎಳೆದರು. ಕಾದರು. ಹಿಂದಿನವರು ತಡವಾಗಿ ಬಂದು ಸೇರಿ ಇನ್ನಷ್ಟು ಎಳೆದರು. ಸ್ವರ ಕೆಳಕ್ಕೆ ಜಾರಿತು. ಬೀಗರ ಪದದ ಧಾಟಿಯಲ್ಲೇ ಒಂದು ಶವಸಂಸ್ಕಾರ ನಡೆಯಿತು. ನಾನು ಹಾರ್ಮೋನಿಯಂ ಮೇಲೆ ಹಣೆಯಿಟ್ಟೆ.

ಆಗ ಪೀಠದ ಕಡೆಯಿಂದ ಒಂದು ಸದ್ದು ಬಂತು. ಮೊದಲು ಕೆಮ್ಮು ಎಂದುಕೊಂಡೆ. ತಲೆಯೆತ್ತಿದರೆ ಸ್ವಾಮ್ಯಾರು ಪೀಠದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಭುಜ ಅಲುಗಿಸಿಕೊಂಡು, ಮುಖವೆಲ್ಲ ಕೆಂಪಾಗಿ ನಗುತ್ತಿದ್ದರು. ಎಷ್ಟೋ ವರ್ಷದ ಬಾಕಿಯಿದ್ದಂತೆ ನಗುತ್ತಿದ್ದರು. ಹಾಡುತ್ತಿದ್ದವರು ಮಾತ್ರ ಒಬ್ಬರೂ ನಗಲಿಲ್ಲ, ಅಪ್ಪಣೆಯಾಗಿತ್ತಲ್ಲ, ಕೊನೆಯ ಅಕ್ಷರದವರೆಗೂ ನಿಷ್ಠೆಯಿಂದ ಎಳೆದು ಮುಗಿಸಿದರು. ಸ್ವಾಮ್ಯಾರು ಶುಭಸಂದೇಶ ಓದುವಾಗ ಎರಡು ಕಡೆ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕಾಯಿತು.

ಪೂಜೆ ಮುಗಿದ ಮೇಲೆ ಕರೆಸಿದರು. ಅಜ್ಜಿಯೂ ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಬೈಗುಳಕ್ಕೆ ಸಿದ್ಧನಾಗಿಯೇ ಒಳಗೆ ಹೋದೆ. ಸ್ವಾಮ್ಯಾರು ಪೂಜೆಯ ಬಟ್ಟೆ ಮಡಿಸುತ್ತಿದ್ದರು, ಮುಖ ಮತ್ತೆ ಮೊದಲಿನಂತೆ ಬಿಗಿದಿತ್ತು.

"ಮುಂದಿನ ವರ್ಷ ಇಡೀ ಪೂಜೆ ಇವರೇ ಹಾಡಲಿ ಮೇಷ್ಟ್ರೇ" ಎಂದರು. "ಆದರೆ ಸಂತೋಷವಾಗಿ ಹಾಡಿ ಎಂದು ಇವರಿಗೆ ನೀವೂ ಹೇಳಬೇಡಿ, ನಾನೂ ಹೇಳುವುದಿಲ್ಲ."